ಕಾರ್ಖಾನೆಯ ಗೇಟಿನಿಂದ ಊರಿನ ನಲ್ಲಿಯವರೆಗೆ: ವಾಹನ ಕಂಪನಿ ಮತ್ತು ಕಾರ್ಮಿಕ ಸಂಘ ಸೇರಿ ಆರೋಗ್ಯ ಕಾರ್ಯಕ್ರಮ ಕಟ್ಟುವ ಬಗೆ

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿರುವ ಜನರಲ್ ಮೋಟಾರ್ಸ್ ಕಂಪನಿಯ ಎಂಜಿನ್ ಕಾರ್ಖಾನೆಯು 2014ರ ಅಕ್ಟೋಬರ್‌ನಲ್ಲಿ, ನಗರಾಡಳಿತ ಪೂರೈಸುತ್ತಿದ್ದ ನೀರನ್ನು ಇನ್ನು ಬಳಸುವುದಿಲ್ಲವೆಂದು ತೀರ್ಮಾನಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ನಗರವು ಹಣ ಉಳಿಸುವ ಸಲುವಾಗಿ ಡೆಟ್ರಾಯಿಟ್ ಕಡೆಯಿಂದ ಬರುತ್ತಿದ್ದ ಹ್ಯೂರಾನ್ ಸರೋವರದ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರನ್ನು ಹರಿಸಲು ಆರಂಭಿಸಿತ್ತು. ಆ ನೀರಿನಲ್ಲಿ ಕ್ಲೋರೈಡ್ ಅಂಶ ಹೆಚ್ಚಾಗಿದ್ದುದರಿಂದ ಎಂಜಿನ್ನಿನ ಬಿಡಿಭಾಗಗಳಿಗೆ ತುಕ್ಕು ಹಿಡಿಯತೊಡಗಿತ್ತು. ಕಾರ್ಖಾನೆಯವರು ಪಕ್ಕದ ಟೌನ್‌ಷಿಪ್‌ನಿಂದ ಸರೋವರದ ನೀರನ್ನು ತರಿಸಿಕೊಂಡರು. ಊರಿನ ಸುಮಾರು ಒಂದು ಲಕ್ಷ ಜನ ಮಾತ್ರ ಅದೇ ನದಿ ನೀರನ್ನು ಮತ್ತೊಂದು ವರ್ಷ ಕುಡಿದರು. ಕೊಳವೆಗಳ ಸವೆತವನ್ನು ತಡೆಯುವ ರಾಸಾಯನಿಕವನ್ನು ಬೆರೆಸದಿದ್ದುದರಿಂದ ಹಳೆಯ ಕೊಳವೆಗಳ ಸೀಸ ನೀರಿಗೆ ಇಳಿಯಿತು. ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಏರಿರುವುದನ್ನು ಡಾ. ಮೋನಾ ಹನ್ನಾ-ಅಟಿಶಾ ಅವರು 2015ರ ಸೆಪ್ಟೆಂಬರ್‌ನಲ್ಲಿ ಆಸ್ಪತ್ರೆಯ ದಾಖಲೆಗಳನ್ನಿಟ್ಟು ತೋರಿಸಿಕೊಟ್ಟರು. ಅಕ್ಟೋಬರ್ 16ರಂದು ನಗರವು ಮತ್ತೆ ಸರೋವರದ ನೀರಿಗೆ ಮರಳಿತು.

ಕಾರ್ಖಾನೆ ನೀರು ಬದಲಿಸಿದ ಸುದ್ದಿ ಗುಟ್ಟಾಗಿರಲಿಲ್ಲ, ಪತ್ರಿಕೆಗಳಲ್ಲೂ ಬಂದಿತ್ತು. ಕಬ್ಬಿಣವನ್ನು ತಿನ್ನುವ ನೀರು ಮಕ್ಕಳ ಹೊಟ್ಟೆಗೆ ಹೋದರೆ ಏನಾದೀತು ಎಂದು ಕೇಳಿ, ಉತ್ತರ ಸಿಗುವವರೆಗೆ ಬಿಡದೆ ಕೂರಲು ಬಾಧ್ಯಸ್ಥವಾದ ಒಂದು ಏರ್ಪಾಡು ಅಲ್ಲಿ ಕೆಲಸ ಮಾಡಲಿಲ್ಲ. ಬಿಡದಿ, ನರಸಾಪುರ, ಹೊಸಕೋಟೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಂತಹ ಕಡೆ ಕೆಲಸ ಮಾಡುವ ಕಾರ್ಮಿಕ ಮುಖಂಡರು, ಸಿಬ್ಬಂದಿ ವಿಭಾಗದ ಅಧಿಕಾರಿಗಳು ಮತ್ತು ಸುತ್ತಲಿನ ಪಂಚಾಯಿತಿ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು, ಅಂಥ ಏರ್ಪಾಡೊಂದನ್ನು ಹಂತ ಹಂತವಾಗಿ ಕಟ್ಟುವುದು ಹೇಗೆಂದು ಇಲ್ಲಿ ವಿವರಿಸಿದ್ದೇನೆ. ಆರೋಗ್ಯ ಶಿಬಿರ ಮಾಡುವುದು, ಹಣ್ಣು ಹಂಚುವುದು, ಫೋಟೊ ತೆಗೆಸುವುದು ನಮಗೆಲ್ಲ ಗೊತ್ತಿರುವ ಕೆಲಸಗಳೇ. ಕಾರ್ಖಾನೆಗೆ ಮೊದಲು ತಿಳಿದದ್ದು ಊರಿಗೆ ತಡವಿಲ್ಲದೆ ತಲುಪುವಂತೆ ಮಾಡುವುದು ಅದಕ್ಕಿಂತ ಕಷ್ಟದ ಕೆಲಸ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಕಾರ್ಯಕ್ರಮದ ಜೀವಾಳ ಅದೇ.

ಹಂತ 1: ಸಂಬಳದ ಮಾತುಕತೆಯಿಂದ ಬೇರೆಯಾದ ಸಮಿತಿ

ಫ್ಲಿಂಟ್ ನಗರದಲ್ಲಿ 1996ರಲ್ಲಿಯೇ ಗ್ರೇಟರ್ ಫ್ಲಿಂಟ್ ಹೆಲ್ತ್ ಕೊಯಲಿಷನ್ ಎಂಬ ಒಕ್ಕೂಟ ಸ್ಥಾಪನೆಯಾಗಿತ್ತು. ಜನರಲ್ ಮೋಟಾರ್ಸ್, ಯುನೈಟೆಡ್ ಆಟೊ ವರ್ಕರ್ಸ್ ಕಾರ್ಮಿಕ ಸಂಘ, ಆಸ್ಪತ್ರೆಗಳು, ವೈದ್ಯರು, ವಿಮಾ ಸಂಸ್ಥೆಗಳು, ಸ್ಥಳೀಯ ಸರ್ಕಾರ ಎಲ್ಲವೂ ಅದರಲ್ಲಿ ಸೇರಿದ್ದವು. ಇದೇ ಊರಿನಲ್ಲಿ 1936ರ ಡಿಸೆಂಬರ್ 30ರಿಂದ 44 ದಿನ ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತು ಮುಷ್ಕರ ಹೂಡಿ ತಮ್ಮ ಸಂಘಕ್ಕೆ ಮಾನ್ಯತೆ ಪಡೆದಿದ್ದರು. ಒಕ್ಕೂಟ ಹುಟ್ಟಿದ ಎರಡೇ ವರ್ಷಕ್ಕೆ, 1998ರಲ್ಲಿ, ಅದೇ ಕಂಪನಿ ಮತ್ತು ಅದೇ ಸಂಘದ ನಡುವೆ 54 ದಿನಗಳ ಮುಷ್ಕರ ನಡೆಯಿತು, ಆದರೂ ಒಕ್ಕೂಟ ಮುರಿಯಲಿಲ್ಲ. ಅಂಥ ಒಕ್ಕೂಟ ಇದ್ದ ಊರಿನಲ್ಲಿಯೇ ನೀರಿನ ದುರಂತವೂ ನಡೆಯಿತು. ಆದುದರಿಂದ ಸಮಿತಿ ಇದ್ದ ಮಾತ್ರಕ್ಕೆ ಸಾಲದು, ಅದಕ್ಕೆ ವಹಿಸುವ ಕೆಲಸವೇನು ಎಂಬುದನ್ನು ಮೊದಲೇ ಖಚಿತವಾಗಿ ಬರೆದಿಡಬೇಕು.

ನಮ್ಮಲ್ಲಿ ವರ್ಕ್ಸ್ ಕಮಿಟಿ, ಸುರಕ್ಷತಾ ಸಮಿತಿ ಎಂದು ಕಾನೂನೇ ಹೇಳುವ ಸಮಿತಿಗಳಿವೆ. ಅವುಗಳ ವ್ಯಾಪ್ತಿ ಕಾಂಪೌಂಡಿನೊಳಗೆ ಮುಗಿಯುವುದರಿಂದ ಊರಿನ ಆರೋಗ್ಯಕ್ಕೆ ಬೇರೆಯೇ ಜಂಟಿ ಸಮಿತಿ ಬೇಕಾಗುತ್ತದೆ. ಹತ್ತರಿಂದ ಹನ್ನೆರಡು ಜನರಿದ್ದರೆ ಸಾಕು. ಆಡಳಿತ ಮಂಡಳಿ ಮತ್ತು ಸಂಘದಿಂದ ಸಮಸಂಖ್ಯೆಯ ಪ್ರತಿನಿಧಿಗಳು, ಗುತ್ತಿಗೆ ಕಾರ್ಮಿಕರಿಂದ ಇಬ್ಬರು, ಅವರಲ್ಲಿ ಒಬ್ಬರಾದರೂ ಮಹಿಳೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಒಬ್ಬ ಆಶಾ ಕಾರ್ಯಕರ್ತೆ, ಪಂಚಾಯಿತಿ ಅಥವಾ ಪುರಸಭೆಯ ಒಬ್ಬ ಸದಸ್ಯರು ಇರಲಿ. ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ಬದಲಾಗಲಿ. ಸಭೆಯ ನಡವಳಿಯನ್ನು ಕನ್ನಡದಲ್ಲಿಯೇ ಬರೆಯಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಬರೆದ ನಡವಳಿಯನ್ನು ಆಶಾ ಕಾರ್ಯಕರ್ತೆಯೂ ಪಂಚಾಯಿತಿ ಸದಸ್ಯರೂ ಓದದೆಯೇ ಸಹಿ ಹಾಕುವುದು ವಾಡಿಕೆಯಾಗಿಬಿಟ್ಟಿದೆ.

ಒಡಂಬಡಿಕೆಯಲ್ಲಿ ಎರಡು ವಾಕ್ಯಗಳು ಇರಲೇಬೇಕು. ಮೊದಲನೆಯದು: ವೇತನ ಒಪ್ಪಂದ, ಮುಷ್ಕರ, ಲಾಕ್‌ಔಟ್, ಅಮಾನತು ಏನೇ ನಡೆದರೂ ಈ ಸಮಿತಿಯ ಸಭೆ ನಿಲ್ಲುವುದಿಲ್ಲ, ಮತ್ತು ಇಲ್ಲಿ ಆ ವಿಷಯಗಳನ್ನು ಯಾರೂ ಎತ್ತುವುದಿಲ್ಲ. ಎರಡನೆಯದು: ನೀರು, ಗಾಳಿ, ತ್ಯಾಜ್ಯ ಅಥವಾ ಸಾಂಕ್ರಾಮಿಕ ರೋಗಕ್ಕೆ ಸಂಬಂಧಿಸಿದಂತೆ ಸಾರ್ವಜನಿಕರಿಗೆ ಹಾನಿಯಾಗಬಹುದಾದ ಯಾವುದೇ ವರದಿ ಕಾರ್ಖಾನೆಗಾಗಲಿ ಸಂಘಕ್ಕಾಗಲಿ ಬಂದರೆ, 48 ಗಂಟೆಯೊಳಗೆ ಅದನ್ನು ಆರೋಗ್ಯ ಕೇಂದ್ರಕ್ಕೂ ಪಂಚಾಯಿತಿಗೂ ಲಿಖಿತವಾಗಿ ತಿಳಿಸಲಾಗುವುದು. ಈ ಎರಡನೆಯ ವಾಕ್ಯಕ್ಕೆ ಕಂಪನಿಯ ಕಾನೂನು ವಿಭಾಗ ತಕರಾರು ತೆಗೆಯುವ ಸಂಭವವಿದೆ. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ಸೇರಿಸಿದ 41-ಬಿ ಕಲಮು, ಅಪಾಯಕಾರಿ ಪ್ರಕ್ರಿಯೆಗಳ ಮಾಹಿತಿಯನ್ನು ಕಾರ್ಮಿಕರಿಗಷ್ಟೇ ಅಲ್ಲದೆ ಸ್ಥಳೀಯ ಸಂಸ್ಥೆಗೂ ಸುತ್ತಮುತ್ತಲಿನ ಸಾರ್ವಜನಿಕರಿಗೂ ಕೊಡಬೇಕೆಂದು ವಿಧಿಸಿತು. ಈಗ ಆ ಕಾಯ್ದೆಯ ಜಾಗಕ್ಕೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿಯೂ ಆ ಬಾಧ್ಯತೆ ಮುಂದುವರಿದಿದೆ. ಕಾನೂನು ಅಪಾಯಕಾರಿ ಪ್ರಕ್ರಿಯೆಗೆ ಕೇಳುವ ಪಾರದರ್ಶಕತೆಯನ್ನೇ ನಾವು ಕುಡಿಯುವ ನೀರಿಗೂ ವಿಸ್ತರಿಸುತ್ತಿದ್ದೇವೆ ಎಂದು ಅವರಿಗೆ ಸಮಾಧಾನದಿಂದ ವಿವರಿಸಬೇಕು.

ಹಂತ 2: ಗೊತ್ತಿರುವುದನ್ನೆಲ್ಲ ಒಂದೆಡೆ ಬರೆದುಕೊಳ್ಳುವುದು

ಹೊಸ ಸಮೀಕ್ಷೆ ಮಾಡಿಸುವ ಮೊದಲು, ಈಗಾಗಲೇ ಕೈಯಲ್ಲಿರುವ ದಾಖಲೆಗಳನ್ನು ತೆಗೆಯಿರಿ. ಕಾರ್ಖಾನೆಯಲ್ಲಿ ಬೋರ್‌ವೆಲ್ ನೀರಿನ ಪ್ರಯೋಗಾಲಯ ವರದಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸುವ ವರದಿಗಳು, ಔಷಧಾಲಯದ ದಿನವಹಿ ಪುಸ್ತಕ, ಗೈರುಹಾಜರಿಯ ಲೆಕ್ಕ ಇರುತ್ತವೆ. ಸಂಘದ ಬಳಿ ಇರುವ ಮಾಹಿತಿ ಕಾಗದದಲ್ಲಿ ಇರುವುದಿಲ್ಲ, ಬಾಯಲ್ಲಿ ಇರುತ್ತದೆ: ಪೇಂಟ್ ಶಾಪಿನಲ್ಲಿ ಯಾರಿಗೆ ಕೆಮ್ಮು ಬಿಡುತ್ತಿಲ್ಲ, ಯಾವ ಹಳ್ಳಿಯಿಂದ ಬರುವವರು ಪದೇ ಪದೇ ಭೇದಿಗೆ ರಜೆ ಹಾಕುತ್ತಾರೆ, ಬಾಡಿಗೆ ವಠಾರದಲ್ಲಿ ಎಷ್ಟು ಜನಕ್ಕೆ ಒಂದು ಶೌಚಾಲಯ ಎಂಬುದೆಲ್ಲ ಸಂಘದ ಶಾಪ್ ಪ್ರತಿನಿಧಿಗಳಿಗೆ ಗೊತ್ತಿರುತ್ತದೆ. ಆಶಾ ಕಾರ್ಯಕರ್ತೆಯ ಬಳಿ ಮನೆ ಮನೆಯ ಲೆಕ್ಕವೇ ಇರುತ್ತದೆ. ಈ ಮೂರನ್ನೂ ತಾಲ್ಲೂಕಿನ ನಕ್ಷೆಯ ಮೇಲೆ ಊರುವಾರು ಗುರುತಿಸಿದರೆ ಒಂದೇ ಮಧ್ಯಾಹ್ನದಲ್ಲಿ ಎಷ್ಟೋ ವಿಷಯ ಬೆಳಕಿಗೆ ಬರುತ್ತದೆ. ಭೇದಿಗೆ ರಜೆ ಹಾಕುವ ಹಳ್ಳಿಯೂ ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣ ಹೆಚ್ಚು ಹಂಚಿದ ಹಳ್ಳಿಯೂ ಒಂದೇ ಆಗಿದ್ದರೆ, ಮೊದಲು ಎಲ್ಲಿಗೆ ಹೋಗಬೇಕೆಂದು ಚರ್ಚಿಸುವ ಅಗತ್ಯವೇ ಇರುವುದಿಲ್ಲ.

ಹಂತ 3: ನೀರು

ಎಲ್ಲಕ್ಕಿಂತ ಮೊದಲು ನೀರನ್ನೇ ಕೈಗೆತ್ತಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಸಂಘ ಮತ್ತು ಆಡಳಿತದ ನಡುವೆ ಜಗಳವಿಲ್ಲದ ವಿಷಯ ಅದು, ಫಲಿತಾಂಶವನ್ನು ಅಂಕಿಯಲ್ಲಿ ತೋರಿಸಬಹುದು, ಪರೀಕ್ಷೆಗೆ ಬೇಕಾದ ಪರಿಣತಿ ಕಾರ್ಖಾನೆಯೊಳಗೇ ಇರುತ್ತದೆ. ಪೇಂಟ್ ಶಾಪಿಗೆ ಬೇಕಾದ ನೀರನ್ನು ದಿನವೂ ಅಳೆಯುವ ತಂತ್ರಜ್ಞರಿಗೆ ತಿಂಗಳಲ್ಲಿ ಒಂದು ದಿನ ಹಳ್ಳಿಯ ನೀರನ್ನು ಅಳೆಯುವುದು ಹೊರೆಯಾಗಲಾರದು.

ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನೈಟ್ರೇಟ್ 45 ಮಿಲಿಗ್ರಾಂ, ಸೀಸ 0.01 ಮಿಲಿಗ್ರಾಂ ಮೀರಬಾರದು. ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು. ನೀರು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಈ ಒಂದು ಮಾತನ್ನು ಮನೆ ಮನೆಗೆ ತಲುಪಿಸಿದರೂ ಕೆಲಸ ಸಾರ್ಥಕ.

ಮಾದರಿ ಸಂಗ್ರಹಿಸುವುದನ್ನು ಕಲಿತೇ ಮಾಡಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರು ಕೊಟ್ಟ ಶುದ್ಧೀಕರಿಸಿದ ಬಾಟಲಿಯನ್ನೇ ಬಳಸಿ, ಮುಚ್ಚಳದ ಒಳಭಾಗವನ್ನು ಬೆರಳಿನಿಂದ ಮುಟ್ಟದೆ, ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಸೀಸದ ಪರೀಕ್ಷೆಗಾದರೆ, ರಾತ್ರಿಯಿಡೀ ನಲ್ಲಿ ತಿರುಗಿಸದೆ ಬಿಟ್ಟು, ಬೆಳಗಿನ ಮೊದಲ ನೀರನ್ನೇ ಹಿಡಿಯಬೇಕು. ಓವರ್‌ಹೆಡ್ ಟ್ಯಾಂಕಿನಲ್ಲಿ ಮಾತ್ರವಲ್ಲ, ಕೊಳವೆಯ ತುದಿಯಲ್ಲಿರುವ ಕೊನೆಯ ಮನೆಯಲ್ಲಿ, ಅಂಗನವಾಡಿಯಲ್ಲಿ, ಕಾರ್ಮಿಕರ ವಠಾರದಲ್ಲಿ, ಶುದ್ಧ ಕುಡಿಯುವ ನೀರಿನ ಘಟಕದ ನಲ್ಲಿಯಲ್ಲಿ ಬೇರೆ ಬೇರೆಯಾಗಿ ಮಾದರಿ ತೆಗೆಯಿರಿ. ನಾಣ್ಯ ಹಾಕಿ ನೀರು ಹಿಡಿಯುವ ಘಟಕವೊಂದರ ಮುಂದೆ ಒಮ್ಮೆ ನಾನು ಅರ್ಧ ಗಂಟೆ ನಿಂತಿದ್ದೆ. ಬಂದ ಹೆಂಗಸರೆಲ್ಲ ಕ್ಯಾನನ್ನು ಇಟ್ಟು, ಮೊದಲ ಎರಡು ಲೋಟ ನೀರನ್ನು ನೆಲಕ್ಕೆ ಬಿಟ್ಟು, ಬಗ್ಗಿ ವಾಸನೆ ನೋಡಿ, ಆಮೇಲೆ ಹಿಡಿಯುತ್ತಿದ್ದರು. ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತೆಂದು ಘಟಕದ ಮೇಲೆ ಎಲ್ಲಿಯೂ ಬರೆದಿರಲಿಲ್ಲ, ಆದರೆ ಆ ಹೆಂಗಸರ ಮೂಗು ಅದನ್ನು ಕಂಡುಕೊಂಡಿತ್ತು. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಅವರನ್ನು ಹುಡುಕಿ ನಿಮ್ಮ ತಂಡಕ್ಕೆ ಸೇರಿಸಿಕೊಳ್ಳಿ.

ಫಲಿತಾಂಶವನ್ನು ಪಂಚಾಯಿತಿ ಕಚೇರಿ, ಹಾಲಿನ ಡೇರಿ, ಕಾರ್ಖಾನೆಯ ಗೇಟು ಈ ಮೂರು ಕಡೆ ಒಂದೇ ದಿನ ಬೋರ್ಡಿನಲ್ಲಿ ಬರೆಸಿ. ಕೆಟ್ಟ ಫಲಿತಾಂಶ ಬಂದರೆ ಎರಡನೆಯ ಪರೀಕ್ಷೆ ಬರುವವರೆಗೆ ಕಾಯೋಣ ಎಂಬ ಸಲಹೆ ಸಭೆಯಲ್ಲಿ ಬಂದೇ ಬರುತ್ತದೆ. ಎರಡನೆಯ ಪರೀಕ್ಷೆ ನಡೆಯಲಿ, ಆದರೆ ಮೊದಲನೆಯದನ್ನು ಮುಚ್ಚಿಡುವುದು ಬೇಡ. ಫ್ಲಿಂಟ್ ನಗರದಲ್ಲಿ ನೀರು ಸುರಕ್ಷಿತವಾಗಿದೆ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದಾಗ ಕಳೆದುಹೋದ ಪ್ರತಿಯೊಂದು ತಿಂಗಳೂ ಯಾವುದೋ ಮನೆಯ ಮಗುವಿನ ಮಿದುಳು ಬೆಳೆಯುವ ಕಾಲವಾಗಿತ್ತು. 2016ರ ಜನವರಿಯಲ್ಲಿ ಸುಮಾರು 300 ಮಂದಿ ಪ್ಲಂಬರುಗಳು ತಮ್ಮ ಸಂಘದ ಕರೆಗೆ ಓಗೊಟ್ಟು ಆ ಊರಿಗೆ ಬಂದು, ಮನೆ ಮನೆಗೆ ಹೋಗಿ ಕೂಲಿಯಿಲ್ಲದೆ ನಲ್ಲಿ ಮತ್ತು ಫಿಲ್ಟರ್ ಜೋಡಿಸಿಕೊಟ್ಟರು. ಸಂಘವೊಂದರ ಸದಸ್ಯರ ಕೈಕಸುಬು ಊರಿಗೆ ಒದಗುವುದು ಹೀಗೆ. ನಿಮ್ಮ ಸಂಘದಲ್ಲಿಯೂ ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಇದ್ದಾರೆ. ಕೆಟ್ಟು ನಿಂತ ನೀರಿನ ಘಟಕವನ್ನು ಒಂದು ವಾರದ ರಜೆಯಲ್ಲಿ ಅವರು ಎಬ್ಬಿಸಿ ನಿಲ್ಲಿಸಬಲ್ಲರು.

ಹಂತ 4: ಯಾರಿಗೆ ಯಾವ ಆಸರೆ ಇದೆ

ಒಂದೇ ಅಸೆಂಬ್ಲಿ ಲೈನಿನಲ್ಲಿ ಅಕ್ಕಪಕ್ಕ ನಿಂತು ಬೋಲ್ಟ್ ಬಿಗಿಯುವ ಇಬ್ಬರ ಆರೋಗ್ಯ ವ್ಯವಸ್ಥೆ ಬೇರೆ ಬೇರೆಯಾಗಿರುತ್ತದೆ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಗೆ ಸೇರುವ ವೇತನ ಮಿತಿ 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿ ಎಂದು ನಿಗದಿಯಾಯಿತು. ಅದನ್ನು ದಾಟಿದ ಕಾಯಂ ಕಾರ್ಮಿಕರಿಗೆ ಸಾಮಾನ್ಯವಾಗಿ ಕಂಪನಿಯ ಗುಂಪು ವಿಮೆಯೂ ಖಾಸಗಿ ಆಸ್ಪತ್ರೆಯೂ ದೊರೆಯುತ್ತವೆ. ಗುತ್ತಿಗೆ ಕಾರ್ಮಿಕರು ಇಎಸ್‌ಐ ಚೀಟಿ ಹಿಡಿದು ಬೇರೆ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ವೇತನದಿಂದ ಶೇ 0.75, ಉದ್ಯೋಗದಾತರಿಂದ ಶೇ 3.25 ವಂತಿಗೆ ಸಂದಾಯವಾಗಬೇಕು. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಉದ್ಯೋಗದಾತರೇ ಹೊಣೆ.

ಆದುದರಿಂದ ಸಂಘವು ಒಂದು ಭಾನುವಾರ ವಠಾರಗಳಿಗೆ ಹೋಗಿ, ಪ್ರತಿ ಗುತ್ತಿಗೆ ಕಾರ್ಮಿಕರ ಇಎಸ್‌ಐ ಸಂಖ್ಯೆ ಚಾಲ್ತಿಯಲ್ಲಿದೆಯೇ, ವಂತಿಗೆ ಜಮೆಯಾಗಿದೆಯೇ, ಹೆಂಡತಿ ಮಕ್ಕಳ ಹೆಸರು ಸೇರಿದೆಯೇ ಎಂದು ಅವರ ಮೊಬೈಲಿನಲ್ಲಿಯೇ ನೋಡಿಕೊಡಬೇಕು. ಒಡಿಶಾ, ಬಿಹಾರ, ಅಸ್ಸಾಂಗಳಿಂದ ಬಂದವರ ಪಡಿತರ ಚೀಟಿ ಅವರ ಊರಿನಲ್ಲಿರುವುದರಿಂದ ಇಲ್ಲಿನ ಆಸ್ಪತ್ರೆಯ ಯೋಜನೆಗಳು ಸುಲಭವಾಗಿ ಸಿಗುವುದಿಲ್ಲ, ಇಎಸ್‌ಐ ಅವರ ಜೊತೆಯಲ್ಲೇ ಬರುವ ಆಸರೆ. ಈ ಕೆಲಸಕ್ಕೆ ಖರ್ಚೇ ಇಲ್ಲ. ಹಾಗಿದ್ದೂ ಶಿಬಿರಗಳಿಗೆ ಲಕ್ಷಗಟ್ಟಲೆ ಹಣ ಸುರಿಯುವ ಕಡೆ ಇದನ್ನು ಮಾಡದೆ ಬಿಡುವುದು ನನಗೆ ನೋವಿನ ಸಂಗತಿ.

ಹಂತ 5: ಹಣ

ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ವ್ಯಯಿಸಬೇಕು. ಆರೋಗ್ಯ, ನೈರ್ಮಲ್ಯ ಮತ್ತು ಶುದ್ಧ ಕುಡಿಯುವ ನೀರು ಆ ಪಟ್ಟಿಯ ಆರಂಭದಲ್ಲಿಯೇ ಇವೆ, ಕಾರ್ಖಾನೆಯ ಸುತ್ತಲ ಪ್ರದೇಶಕ್ಕೆ ಆದ್ಯತೆ ಎಂದೂ ಕಾಯ್ದೆ ಹೇಳುತ್ತದೆ. ಕಂಪನಿಯ ನೌಕರರಿಗಷ್ಟೇ ಅನುಕೂಲವಾಗುವ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಸದಸ್ಯರ ತಪಾಸಣೆಗೆ ಕಲ್ಯಾಣ ನಿಧಿಯೂ ಊರಿನ ಕೆಲಸಕ್ಕೆ ಸಿಎಸ್‌ಆರ್ ಹಣವೂ ಬೇರೆ ಬೇರೆಯಾಗಿರಲಿ, ಬೆರೆಸಿದರೆ ಲೆಕ್ಕಪರಿಶೋಧನೆಯಲ್ಲಿ ತೊಡಕಾಗುತ್ತದೆ.

ಸಂಘವೂ ತನ್ನ ಪಾಲು ಹಾಕಬೇಕು. 2,000 ಸದಸ್ಯರು ತಿಂಗಳಿಗೆ 10 ರೂಪಾಯಿ ಕೊಟ್ಟರೆ ವರ್ಷಕ್ಕೆ 2 ಲಕ್ಷ 40 ಸಾವಿರ ಆಗುತ್ತದೆ. ಕಂಪನಿಯ ಹಣದ ಮುಂದೆ ಅದು ಚಿಕ್ಕದಾದರೂ, ಎಲ್ಲಿ ಖರ್ಚು ಮಾಡಬೇಕೆಂದು ಕೇಳುವ ಹಕ್ಕು ಸಂಘಕ್ಕೆ ಅದರಿಂದ ಬರುತ್ತದೆ.

ಹಂತ 6: ತಪಾಸಣೆ, ಮತ್ತು ತಪಾಸಣೆಯ ಮರುದಿನ

ಒಂದು ಕಾರ್ಖಾನೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಮೂರನೇ ಪಾಳಿ ಬಿಡುವ ಹೊತ್ತಿಗೆ ಬಿ.ಪಿ. ಶಿಬಿರ ಇಟ್ಟಿದ್ದನ್ನು ನಾನು ನೋಡಿದ್ದೇನೆ. ರಾತ್ರಿಯಿಡೀ ನಿದ್ದೆಗೆಟ್ಟವರು ಕ್ಯಾಂಟೀನಿನಲ್ಲಿ ಚಹಾ ಕುಡಿದು, ಕಂಪ್ರೆಸರ್ ಸದ್ದಿನ ಪಕ್ಕದಲ್ಲಿ ಸಾಲು ನಿಂತು, ಸಮವಸ್ತ್ರದ ತೋಳಿನ ಮೇಲೆಯೇ ಪಟ್ಟಿ ಸುತ್ತಿಸಿಕೊಂಡು, ಕಂಪನಿ ಬಸ್ಸಿಗೆ ಓಡುತ್ತಿದ್ದರು. ಬಹಳ ಜನರ ಚೀಟಿಯಲ್ಲಿ ಹೆಚ್ಚು ಎಂದು ಬರೆದು ಕೊಡಲಾಯಿತು. ಬಸ್ಸು ಹೊರಟ ಮೇಲೆ ಆ ಚೀಟಿಗಳಲ್ಲಿ ಎಷ್ಟೋ ಗೇಟಿನ ಬಳಿ ನೆಲದ ಮೇಲೆ ಬಿದ್ದಿದ್ದವು. ಅವರನ್ನು ಮತ್ತೆ ಯಾರೂ ಕರೆಯಲಿಲ್ಲ.

ಸರಿಯಾದ ಕ್ರಮ ಹೀಗಿದೆ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಚಹಾ, ಬೀಡಿ, ಸಿಗರೇಟು ಬೇಡ. ಐದು ನಿಮಿಷ ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಮಾತಿಲ್ಲದೆ ಕೂರಬೇಕು. ಬರಿದೋಳಿಗೆ ಪಟ್ಟಿ ಸುತ್ತಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಒಂದೆರಡು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಬೇಕು. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಂದು ದಿನ, ನಿದ್ದೆಯಾದ ಮೇಲೆ, ಮತ್ತೆ ಅಳೆಯಬೇಕು. ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ದಾಟಿದರೆ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ. ಕೋಲಾರ ಜಿಲ್ಲೆಯಿಂದ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ಬರುತ್ತದೆ. ಆದರೆ ಪಾಳಿ ಕೆಲಸದವರು ಅವರು ಬಂದಾಗ ಮನೆಯಲ್ಲಿರುವುದಿಲ್ಲ ಅಥವಾ ನಿದ್ದೆಯಲ್ಲಿರುತ್ತಾರೆ. ಆದುದರಿಂದ ನಿಮ್ಮ ಸಮಿತಿ ಹೊಸ ಶಿಬಿರ ಹೂಡುವುದಕ್ಕಿಂತ, ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಪಾಳಿಯ ವೇಳಾಪಟ್ಟಿಯನ್ನು ತಿಂಗಳ ಮೊದಲೇ ಕೊಟ್ಟು, ಎರಡನೇ ಪಾಳಿಯವರಿಗೆ ಕೆಲಸಕ್ಕೆ ಹೊರಡುವ ಮುನ್ನ ಬೆಳಿಗ್ಗೆ ಹತ್ತಕ್ಕೆ ತಪಾಸಣೆ ಸಿಗುವಂತೆ ಮಾಡಿದರೆ ಹೆಚ್ಚಿನ ಪ್ರಯೋಜನವಾಗುತ್ತದೆ.

ಹೆಚ್ಚು ಬಂದವರ ಪಟ್ಟಿ ಆರೋಗ್ಯ ಕೇಂದ್ರದಲ್ಲಿ ಮಾತ್ರ ಇರಬೇಕು. ಸಿಬ್ಬಂದಿ ವಿಭಾಗಕ್ಕೆ, ಲೈನ್ ಮೇಲ್ವಿಚಾರಕರಿಗೆ, ಸಂಘದ ಕಚೇರಿಗೂ ಹೆಸರು ಹೋಗಬಾರದು, ಒಟ್ಟು ಸಂಖ್ಯೆ ಮಾತ್ರ ಹೋಗಲಿ. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದರೆ ಗುತ್ತಿಗೆ ನವೀಕರಿಸುವುದಿಲ್ಲ ಎಂಬ ಭಯ ಕಾರ್ಮಿಕರಲ್ಲಿದೆ. ಆ ಭಯ ಇರುವವರೆಗೆ ಅವರು ತೋಳು ಚಾಚುವುದಿಲ್ಲ. ಹುಷಾರಿಲ್ಲವೆಂದು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂಬ ಲಿಖಿತ ಭರವಸೆಯನ್ನು ಆಡಳಿತ ಮಂಡಳಿ ಮತ್ತು ಗುತ್ತಿಗೆದಾರರು ಇಬ್ಬರೂ ಸಹಿ ಮಾಡಿ ಗೇಟಿನಲ್ಲಿ ಅಂಟಿಸಲಿ. ಕಂಪನಿಯಿಂದ ಆಗಬೇಕಾದ ಇನ್ನೊಂದು ಉಪಕಾರವೆಂದರೆ, ತಿಂಗಳಿಗೊಮ್ಮೆ ಮಾತ್ರೆ ತರಲು ವೇತನ ಕಡಿತವಿಲ್ಲದ ಎರಡು ಗಂಟೆ ಬಿಡುವು. ಮಾತ್ರೆ ಉಚಿತವಾಗಿದ್ದರೂ ಅರ್ಧ ದಿನದ ಕೂಲಿ ಹೋಗುತ್ತದೆಂದು ಬಿಟ್ಟವರು ಎಷ್ಟೋ ಮಂದಿ.

ಹಂತ 7: ಕಾರ್ಖಾನೆ ಇಲ್ಲದ ದಿನಕ್ಕೂ ಸಿದ್ಧತೆ

ಫ್ಲಿಂಟ್ ಪ್ರದೇಶದಲ್ಲಿ 1978ರಲ್ಲಿ ಜನರಲ್ ಮೋಟಾರ್ಸ್ ಸುಮಾರು 80,000 ಜನರಿಗೆ ಕೆಲಸ ಕೊಟ್ಟಿತ್ತು, 2010ರ ವೇಳೆಗೆ ಅದು 10,000ಕ್ಕಿಂತ ಕೆಳಗಿಳಿಯಿತು. 1960ರಲ್ಲಿ 1,96,940 ಇದ್ದ ನಗರದ ಜನಸಂಖ್ಯೆ 2020ರಲ್ಲಿ 81,252 ಆಗಿತ್ತು. ಕೆಲಸದ ಜೊತೆಗೇ ಆರೋಗ್ಯ ವಿಮೆಯೂ ಹೋದವರಿಗಾಗಿ ಆ ಜಿಲ್ಲೆಯಲ್ಲಿ 2001ರಲ್ಲಿ ಜೆನೆಸೀ ಹೆಲ್ತ್ ಪ್ಲಾನ್ ಎಂಬ ವ್ಯವಸ್ಥೆ ರೂಪುಗೊಂಡಿತು, 2006ರಲ್ಲಿ ಮತದಾರರು ಅದಕ್ಕಾಗಿ ತಮ್ಮ ಮೇಲೆ ತಾವೇ ಆಸ್ತಿ ತೆರಿಗೆ ಹಾಕಿಕೊಂಡರು. ಕಂಪನಿಯ ಹಣದ ಮೇಲಷ್ಟೇ ನಿಂತ ಆರೋಗ್ಯ ಕಾರ್ಯಕ್ರಮವು ಕಂಪನಿ ಕುಗ್ಗಿದಾಗ ತಾನೂ ಕುಗ್ಗುತ್ತದೆ ಎಂಬುದನ್ನು ಆ ಊರಿನವರು ಅನುಭವದಿಂದ ಅರಿತಿದ್ದರು.

ಆದುದರಿಂದ ಮೊದಲ ವರ್ಷವೇ ಹಸ್ತಾಂತರದ ಕಾಗದ ಸಿದ್ಧವಾಗಲಿ. ಕೊಂಡ ಯಂತ್ರ, ಪ್ರಯೋಗಾಲಯದ ಉಪಕರಣ, ನೀರಿನ ಘಟಕ ಯಾವುದೂ ಕಂಪನಿಯ ಹೆಸರಿನಲ್ಲಿ ಉಳಿಯದೆ, ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಅಥವಾ ಪಂಚಾಯಿತಿಯ ಆಸ್ತಿ ವಹಿಯಲ್ಲಿ ದಾಖಲಾಗಬೇಕು. ಪ್ರತಿಯೊಂದು ಯಂತ್ರದ ಬೆಲೆಯ ಜೊತೆಗೇ ಐದು ವರ್ಷಗಳ ನಿರ್ವಹಣೆ, ಫಿಲ್ಟರ್ ಮತ್ತು ವಿದ್ಯುತ್ ಬಿಲ್ಲಿನ ಹಣವನ್ನೂ ಬಜೆಟ್ಟಿನಲ್ಲಿ ಇಡಬೇಕು. ನೀರಿನ ಮಾದರಿ ತೆಗೆಯಲು ಹಳ್ಳಿಯ ಮಹಿಳೆಯರೇ ಕಲಿತಿರಬೇಕು, ಪ್ರಯೋಗಾಲಯದ ಶುಲ್ಕ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರಿರಬೇಕು. ಗ್ರಾಮಸಭೆಯಲ್ಲಿ ಇದನ್ನು ಮಂಡಿಸಿ ಠರಾವು ಮಾಡಿಸಿಕೊಳ್ಳಿ, ಠರಾವಿನ ಪ್ರತಿಯನ್ನು ಸಂಘದ ಕಚೇರಿಯಲ್ಲಿಯೂ ಕಾರ್ಖಾನೆಯ ಕಡತದಲ್ಲಿಯೂ ಇಡಿ, ಮತ್ತು ಗೇಟಿನ ಬೋರ್ಡಿನಲ್ಲಿ ನೀರಿನ ಫಲಿತಾಂಶದ ಕೆಳಗೆ ಮುಂದಿನ ಪರೀಕ್ಷೆಯ ದಿನಾಂಕವನ್ನೂ ಅದಕ್ಕೆ ಹೊಣೆಯಾದವರ ಹುದ್ದೆಯನ್ನೂ ಬರೆಸಿ.